ಬೇಲಿ ಬದಿಯ ಕಳೆ: ಯಾವುದು ಆಹಾರ, ಯಾವುದು ಅಪಾಯ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಈಗ ತಲೆಕೆಳಗಾಗಿದೆ. ಮೊಬೈಲಿಗೆ ಒಂದು ವಿಡಿಯೋ ಬಂದರೆ ಸಾಕು, ಹಿತ್ತಲಲ್ಲಿ ಕಂಡದ್ದೆಲ್ಲ ಮದ್ದಾಗುತ್ತದೆ. ಕರಾವಳಿಯ ಮರಳು ನೆಲದಲ್ಲಿ, ಬೇಲಿ ಬದಿಯಲ್ಲಿ ಯಾರೂ ನೆಡದೆಯೇ ಹಬ್ಬುವ ಮೂರು ಗಿಡಗಳನ್ನು ನೋಡೋಣ. ಒಂದನ್ನು ತಿನ್ನಬಹುದು, ಒಂದನ್ನು ಕುಡಿಯಬಾರದು, ಮೂರನೆಯದನ್ನು ಮನೆಮದ್ದಾಗಿ ಬಳಸಲೇಬಾರದು.

ಗೋಣಿ ಸೊಪ್ಪು

ಜಗತ್ತಿನ ಬಹುಭಾಗದಲ್ಲಿ ಹಬ್ಬಿರುವ ಕಳೆ ಇದು. ದಖನಿ ಮನೆಗಳಲ್ಲಿ ಇದನ್ನು ಕುಲ್ಫಾ ಎನ್ನುತ್ತಾರೆ. ಬೇಳೆ ಅಥವಾ ಮಾಂಸದ ಜೊತೆ ಬೇಯಿಸುತ್ತಾರೆ. ದಾರಿಯಲ್ಲೇ ಬೆಳೆದು ತುಳಿಸಿಕೊಳ್ಳುತ್ತದೆಂದು ಅರಬರು ಇದಕ್ಕೆ ‘ದಡ್ಡ ಸೊಪ್ಪು’ ಎಂಬ ಅರ್ಥದ ಹೆಸರಿಟ್ಟರು. ಯುನಾನಿಯಲ್ಲಿ ಇದರ ಹೆಸರು ಖುರ್ಫಾ, ಮಿಜಾಜ್ ತಂಪು. ಇದರಲ್ಲಿ ಒಮೆಗಾ-3 ಕೊಬ್ಬಿನಾಮ್ಲವಿದೆ; ಸೊಪ್ಪುಗಳಲ್ಲಿ ಇದು ಅಪರೂಪ.

ಕಾಂಡ ಮುರಿದು ನೋಡಿ. ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ಎಸೆದುಬಿಡಿ. ಚರಂಡಿ ಪಕ್ಕ, ಕಸದ ರಾಶಿ, ಕಳೆನಾಶಕ ಸಿಂಪಡಿಸಿದ ಜಾಗದಿಂದ ಕೀಳಬೇಡಿ. ಮಣ್ಣಿನ ವಿಷವನ್ನು ಇದು ಹೀರಿಕೊಳ್ಳುತ್ತದೆ. ಇದರಲ್ಲಿ ಆಕ್ಸಲೇಟ್ ಹೆಚ್ಚು. ಆದ್ದರಿಂದ ಕುದಿಸಿ ನೀರು ಚೆಲ್ಲಿ ಬಳಸಿ. ಮೂತ್ರಪಿಂಡದಲ್ಲಿ ಕಲ್ಲಿರುವವರು ದೂರವಿಡುವುದೇ ಒಳ್ಳೆಯದು.

ಕಮ್ಯುನಿಸ್ಟ್ ಗಿಡ

ಅಮೆರಿಕ ಖಂಡದಿಂದ ಬಂದು ನಮ್ಮ ಗುಡ್ಡಗಳನ್ನೇ ಮುಚ್ಚಿದ ಗಿಡ. ತೋಟದಲ್ಲಿ ಕತ್ತಿ ತಾಗಿದಾಗ ರಕ್ತ ನಿಲ್ಲಿಸಲು ಇದರ ಎಲೆ ಜಜ್ಜಿ ಹಚ್ಚುವುದು ಹಳೆಯ ರೂಢಿ. ರಕ್ತ ಹೆಪ್ಪುಗಟ್ಟಿಸುವ ಗುಣ ಇದಕ್ಕಿದೆ. ಆದರೆ ತೊಳೆಯದ ಎಲೆಯೊಂದಿಗೆ ಗಾಯಕ್ಕೆ ಮಣ್ಣೂ ಸೇರುತ್ತದೆ. ಆಳದ ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ರಸವನ್ನು ಎಂದೂ ಕುಡಿಯಬೇಡಿ. ಯಕೃತ್ತಿಗೆ ಹಾನಿ ಮಾಡುವ ಅಂಶಗಳು ಈ ಗಿಡದಲ್ಲಿವೆ.

ನಿತ್ಯಪುಷ್ಪ

ಮಡಗಾಸ್ಕರ್ ಮೂಲದ ಈ ಗುಲಾಬಿ, ಬಿಳಿ ಹೂವಿನ ಗಿಡ ಅಂಗಳದಿಂದ ತಪ್ಪಿಸಿಕೊಂಡು ಕಡಲ ದಂಡೆಯ ಮರಳಿಗೂ ಹಬ್ಬಿದೆ. ಸಕ್ಕರೆ ಕಾಯಿಲೆಗೆಂದು ಇದರ ಎಲೆ ಜಗಿಯುವವರು, ಹೂವಿನ ಕಷಾಯ ಕುಡಿಯುವವರು ಹಲವರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದೂ ಸಕ್ಕರೆ ಕಾಯಿಲೆಯ ಮದ್ದಿಗಾಗಿಯೇ. ಅವರಿಗೆ ಕಂಡದ್ದು ಬಿಳಿ ರಕ್ತಕಣಗಳು ಕುಸಿಯುವುದು! ಹಾಗೆ ದೊರೆತದ್ದು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟಿನ್ ಕೂಡ ಇದೇ ಗಿಡದ ಕೊಡುಗೆ.

ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಔಷಧಿಯ ಗಿಡವನ್ನು ನೀವು ಮನೆಯಲ್ಲಿ ಹಿಡಿಯಷ್ಟು ಅಳೆದು ಕುಡಿಯುವುದೇ? ನರಗಳಿಗೆ, ಅಸ್ಥಿಮಜ್ಜೆಗೆ ತೊಂದರೆಯಾಗಬಹುದು. ಸಕ್ಕರೆ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಗರ್ಭಿಣಿಯರು ಖಂಡಿತ ಸೇವಿಸಬಾರದು.

ನಿಮ್ಮ ಮನೆಯ ಹಿರಿಯರು ಈ ಎಲೆ ತಿನ್ನುತ್ತಿದ್ದರೆ ಇಂದೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಅವರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬೇಡಿ. ಹೂವು ಅಂಗಳದಲ್ಲೇ ಇರಲಿ, ನೋಡಲು ಚೆಂದ.