ಸೀಮೆಗೆಲ್ಲ ಒಂದೇ ಕಬ್ಬು

ಗೋಕಾಕದಿಂದ ಮೂಡಲಗಿಯ ದಾರಿ ಹಿಡಿದರೆ ಎರಡೂ ಬದಿಗೆ ಕಬ್ಬು. ‘ಯಾವ ಬೀಜ ಹಚ್ಚೀರಿ?’ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದು ನಂಬರು: 86032, ಇಲ್ಲವೇ 265. ಹುಕ್ಕೇರಿ ಕಡೆಗೂ ಅದೇ ಮಾತು.

ಬೀಜ ಎನ್ನುತ್ತೇವೆ, ಹಚ್ಚುವುದು ಮಾತ್ರ ಕಬ್ಬಿನ ತುಂಡು. ಗಣ್ಣಿನ ಮೇಲಿನ ಕಣ್ಣು ಮೊಳೆತಾಗ ತಾಯಿ ಕಬ್ಬೇ ಮತ್ತೆ ಎದ್ದು ನಿಲ್ಲುತ್ತದೆ. ಕುಳೆ ಬಿಟ್ಟರೂ ಅಷ್ಟೇ. ಸಂಕೇಶ್ವರದ 86032ಕ್ಕೂ ಯಾದವಾಡದ 86032ಕ್ಕೂ ವಂಶವಾಹಿಗಳಲ್ಲಿ ಭೇದವಿಲ್ಲವೆಂದೇ ಹೇಳಬೇಕು. ಸಾವಿರಾರು ಎಕರೆಯಲ್ಲಿ ನಿಂತಿರುವುದು ಒಂದೇ ಗಿಡ. ಒಂದು ಶಿಲೀಂಧ್ರ ಆ ಗಿಡವನ್ನು ಗೆದ್ದರೆ ಸೀಮೆಯನ್ನೇ ಗೆದ್ದ ಹಾಗೆ.

ಉತ್ತರ ಪ್ರದೇಶದಲ್ಲಿ ಹೀಗೇ ಆಯಿತು. 2009ರಲ್ಲಿ ಬಿಡುಗಡೆಯಾದ ಕೊ 0238 ತಳಿ ಇಳುವರಿಯಲ್ಲೂ ಸಕ್ಕರೆಯಲ್ಲೂ ಎಲ್ಲವನ್ನೂ ಮೀರಿಸಿ, ಅಲ್ಲಿನ ಕಬ್ಬಿನ ಭೂಮಿಯ ಶೇ. 80ಕ್ಕೂ ಹೆಚ್ಚನ್ನು ಆವರಿಸಿತು. ಆಮೇಲೆ ಕೆಂಪು ಕೊಳೆ ರೋಗ ಹೊಕ್ಕಿತು. ಕಬ್ಬು ಸೀಳಿದರೆ ಒಳಗೆ ಕೆಂಪು, ನಡುನಡುವೆ ಬಿಳಿ ಅಡ್ಡಪಟ್ಟಿ, ಹುಳಿ ನಾತ. ಅಷ್ಟು ಮೆಚ್ಚಿದ ತಳಿಯನ್ನು ರೈತರು ಕೈಬಿಡಬೇಕಾಯಿತು. ಚಿಕ್ಕಮಗಳೂರಿನ ಅರೇಬಿಕಾ ಕಾಫಿಯೂ ಎಲೆ ತುಕ್ಕು ರೋಗಕ್ಕೆ ಸೋತಿತ್ತು; ಅದಕ್ಕೆ ಬಲ ತುಂಬಿದ ಎಸ್.795 ತಳಿಯಲ್ಲಿ ಲೈಬೀರಿಕಾ ಎಂಬ ಬೇರೆ ಜಾತಿಯ ಅಂಶವಿದೆ.

ಕಬ್ಬಿಗೆ ಬಲ ಕೊಟ್ಟದ್ದು ಹೊಳೆದಂಡೆಯ ಒಂದು ಕಾಡುಹುಲ್ಲು. 1912ರಲ್ಲಿ ಕೊಯಿಮತ್ತೂರಿನಲ್ಲಿ ಕಬ್ಬು ತಳಿ ಕೇಂದ್ರ ಶುರುವಾಯಿತು. ವಿಜ್ಞಾನಿಗಳಾದ ಬಾರ್ಬರ್ ಮತ್ತು ವೆಂಕಟರಾಮನ್ ಅಲ್ಲಿ ‘ವೆಳ್ಳೈ’ ಎಂಬ ದಪ್ಪ ಸಿಹಿಗಬ್ಬನ್ನು ಈ ಹುಲ್ಲಿನ ಜೊತೆ ಕೂಡಿಸಿದರು. ಹುಲ್ಲಿನ ದಂಟು ಬೆರಳಿನಷ್ಟು ತೆಳ್ಳಗೆ, ರಸದಲ್ಲಿ ಸಿಹಿ ಕಡಿಮೆ. ಆದರೆ ಬರ, ನೆರೆ, ರೋಗ ಎಲ್ಲಕ್ಕೂ ಗಟ್ಟಿ. ಆ ಕೂಡಿಕೆಯಿಂದ 1918ರಲ್ಲಿ ಕೊ 205 ತಳಿ ಹೊರಬಂತು. ಇಂದಿನ ಕಬ್ಬಿನ ಜೀವಕೋಶದಲ್ಲಿ ನೂರಕ್ಕೂ ಹೆಚ್ಚು ವರ್ಣತಂತುಗಳಿವೆ, ಮನುಷ್ಯನಲ್ಲಿರುವುದು 46. ಕಬ್ಬಿನ ವರ್ಣತಂತುಗಳಲ್ಲಿ ಹೆಚ್ಚಿನವು ಸಿಹಿಗಬ್ಬಿನವು. ಕಾಡುಹುಲ್ಲಿನ ಪಾಲು ಶೇ. 10ರಿಂದ 20. ಆ ಚೂರು ಪಾಲಿನ ಮೇಲೆಯೇ ನಮ್ಮ ಕಬ್ಬಿನ ತಾಳಿಕೆ ನಿಂತಿದೆ ಎಂಬುದನ್ನು ನೆನೆದಾಗೆಲ್ಲ ನನಗೆ ಆ ಹುಲ್ಲಿನ ಮೇಲೆ ಗೌರವ ಹೆಚ್ಚುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೇ ನುಗ್ಗಿತು, ದಂಡೆಯ ಕಬ್ಬು ನೀರಲ್ಲಿ ನಿಂತಿತು. 2023ರಲ್ಲಿ ಮಳೆಯೇ ಕೈಕೊಟ್ಟಿತು. ನೆರೆ ತಾಳುವ ಗುಣ, ಬರ ತಾಳುವ ಗುಣ, ಸವಳು ತಾಳುವ ಗುಣ ಒಂದೇ ತಳಿಯಲ್ಲಿ ಸಿಗುವುದು ಅಪರೂಪ. ಹೊಳೆಸಾಲಿಗೊಂದು, ಕಾಲುವೆ ಕೊನೆಗೊಂದು, ಸವಳು ಭೂಮಿಗೊಂದು ತಳಿ ಹಚ್ಚುವುದೇ ಸರಿ ಎಂದು ನಾನು ನಂಬುತ್ತೇನೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಎಸ್‌ಎನ್‌ಕೆ ಎಂದು ಶುರುವಾಗುವ ತಳಿಗಳು ಅಲ್ಲಿಯವು. ಕಾರ್ಖಾನೆಗಳು ಬೀಜ ಹಂಚುವಾಗ ಅವನ್ನೂ ಊರೂರಿಗೆ ಮುಟ್ಟಿಸಬೇಕು.

ಹೊಸ ತಳಿ ಬೇಕೆಂದರೆ ಕಬ್ಬು ಸೂಲಂಗಿ ಬಿಡಬೇಕು, ಎರಡು ತಳಿ ಕೂಡಬೇಕು, ಧೂಳಿನಂಥ ನಿಜವಾದ ಬೀಜ ಕಟ್ಟಬೇಕು. ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸಿ ರೈತರಿಗೆ ಕೊಡಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅದಕ್ಕೆ ಬೇಕಾದ ಮೂಲ ಬಂಡವಾಳ ಕೇರಳದ ಕಣ್ಣೂರಿನಲ್ಲಿದೆ. ಜಗತ್ತಿನ ಕಬ್ಬಿನ ಎರಡು ದೊಡ್ಡ ಸಂಗ್ರಹಗಳಲ್ಲಿ ಅದೊಂದು, ಇನ್ನೊಂದು ಅಮೆರಿಕದ ಫ್ಲೋರಿಡಾದಲ್ಲಿ. ಹಳೆಯ ನಾಟಿ ಕಬ್ಬುಗಳೂ ಕಾಡು ಬಂಧುಗಳೂ ಕಣ್ಣೂರಿನಲ್ಲಿ ಜೀವಂತ ಗಿಡಗಳಾಗಿಯೇ ಇವೆ. ಅವು ಉಳಿಯಬೇಕಾದರೆ ಒಂದೊಂದನ್ನೂ ತುಂಡು ಮಾಡಿ ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು.