ಬಿಸಿಲು ಬಾರದ ಹಿತ್ತಲಿಗೆ ಯಾವ ಗಿಡ?

30×40 ಸೈಟಿನಲ್ಲಿ ಮನೆ ಎದ್ದ ಮೇಲೆ ಗಿಡಗಳಿಗೆ ಉಳಿಯುವುದು ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಷ್ಟು ಜಾಗ. ಪಕ್ಕದವರು ಇನ್ನೆರಡು ಮಹಡಿ ಏರಿಸಿದರೆ ಅಲ್ಲಿಗೆ ಬಿಸಿಲೂ ಬಾರದು. ಅಂಥ ಕಡೆ ಗುಲಾಬಿ, ಸೇವಂತಿಗೆ ನೆಡುತ್ತೇವೆ. ಅವು ಬೆಳಕಿಗಾಗಿ ಕತ್ತು ಚಾಚಿ, ಹೂ ಬಿಡದೆ ಸೊರಗುತ್ತವೆ. 'ನಮ್ಮಲ್ಲಿ ಗಿಡ ಬರೋದಿಲ್ಲ' ಎಂದು ಕೊನೆಗೆ ಆ ಮಣ್ಣಿಗೂ ಸಿಮೆಂಟು ಬೀಳುತ್ತದೆ. ಇದು ನಿಜಕ್ಕೂ ಸಂಕಟದ ವಿಷಯ. ಏಕೆಂದರೆ ನೆರಳಿನಲ್ಲೇ ಸುಖವಾಗಿ ಬಾಳುವ ಗಿಡಗಳ ಸಂಪತ್ತು ನಮ್ಮಲ್ಲಿರುವಷ್ಟು ಕೆಲವೇ ನಾಡುಗಳಲ್ಲಿದ್ದೀತು.

ಶಿರಸಿ, ಸಾಗರದ ಕಡೆಯ ಅಡಿಕೆ ತೋಟದೊಳಗೆ ಕಾಲಿಟ್ಟು ನೋಡಿ. ಮರದ ಮೈಗೆ ಕಾಳುಮೆಣಸು, ವೀಳ್ಯದೆಲೆ ಬಳ್ಳಿ, ಬುಡದಲ್ಲಿ ಏಲಕ್ಕಿ, ತೇವ ನಿಲ್ಲುವ ಕಡೆ ಕೆಸು, ಒಂದೆಲಗ, ಜರೀಗಿಡ. ಮೆಣಸು, ಏಲಕ್ಕಿಗಳಂತೂ ಘಟ್ಟದ ಕಾಡಿನ ಮಕ್ಕಳೇ. ದೊಡ್ಡ ಮರಗಳ ಕೆಳಗೆ ಸೋಸಿ ಬರುವ ಬೆಳಕೇ ಅವಕ್ಕೆ ಸಾಕು.

ಗಿಡ ಆರಿಸುವ ಮೊದಲು ನೆರಳು ಯಾವ ಬಗೆಯದೆಂದು ತಿಳಿಯಬೇಕು. ನಡುಹಗಲಲ್ಲಿ ಅಲ್ಲಿ ಕೈ ಚಾಚಿ. ಕೈಯ ನೆರಳು ಮಸುಕಾಗಿಯಾದರೂ ಕಂಡರೆ ಹತ್ತಾರು ಗಿಡ ಬರುತ್ತವೆ. ಏನೂ ಕಾಣದಿದ್ದರೆ ಆಯ್ಕೆ ಕಡಿಮೆ. ಇನ್ನೊಂದು ಮಾತನ್ನು ಹೊರದೇಶದ ತೋಟದ ಪುಸ್ತಕಗಳು ನಮಗೆ ಹೇಳುವುದಿಲ್ಲ. ಉತ್ತರದ ಗೋಡೆ ಸದಾ ನೆರಳೆಂಬ ಅವರ ಲೆಕ್ಕ ಇಲ್ಲಿ ನಡೆಯದು. ಬೆಂಗಳೂರಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿ ತಂಪಾಗಿದ್ದ ಜರೀಗಿಡ ಮೇ ತಿಂಗಳಲ್ಲಿ ಸುಟ್ಟು ಕಂದಾಗುವುದು ಇದಕ್ಕೇ. ಆಗ ಕುಂಡವನ್ನು ದಕ್ಷಿಣದ ಗೋಡೆಯ ಬದಿಗೆ ಒಯ್ಯಿರಿ.

ಮಾವಿನ ಮರದ ಕೆಳಗಿನ ನೆರಳಿನ ಕಥೆ ಬೇರೆ. ಮಳೆಯನ್ನು ಎಲೆಚಪ್ಪರ ತಡೆಯುತ್ತದೆ, ಇಳಿದ ನೀರನ್ನು ಬೇರು ಹೀರುತ್ತದೆ. ಅಲ್ಲಿ ಒಣನೆಲ ತಾಳುವ ಸ್ನೇಕ್ ಪ್ಲಾಂಟ್, ಸ್ಪೈಡರ್ ಪ್ಲಾಂಟ್ ಸರಿ. ಮರದ ಬೇರು ಕಡಿದು ಗುಂಡಿ ತೆಗೆಯಬೇಡಿ, ಕುಂಡವಿಟ್ಟರೆ ಸಾಕು. ಕೊಂಬೆಗೆ ಬ್ರಹ್ಮಕಮಲದ ಕುಂಡ ತೂಗುಹಾಕಬಹುದು. ಒಂದೇ ರಾತ್ರಿ ಅರಳುವ ಹೂವಿಗಾಗಿ ಓಣಿಯವರನ್ನೆಲ್ಲ ಕರೆಯುವ ಆ ಗಿಡ ಮೂಲತಃ ಮೆಕ್ಸಿಕೊ ಕಡೆಯ ಕಾಡುಮರಗಳ ಮೇಲೆ ಬೆಳೆಯುವ ಕಳ್ಳಿ ಜಾತಿಯದು. ಸುಡುಬಿಸಿಲು ಅದಕ್ಕೆ ಆಗದು.

ನನ್ನ ಒಲವು ಅಡುಗೆಮನೆಗೆ ಒದಗುವ ಗಿಡಗಳ ಕಡೆಗೆ. ಬಚ್ಚಲ ನೀರು ಹರಿಯುವ ಮೂಲೆಗೆ ಕೆಸು, ತೊಟ್ಟಿಯಲ್ಲಿ ತಂಬುಳಿಗೆ ಒಂದೆಲಗ, ಗೋಡೆಯ ಬದಿಗೆ ಪಲ್ಯಕ್ಕೆ ಚಕ್ರಮುನಿ, ಅರೆನೆರಳಿಗೆ ಅರಿಶಿನ, ಮಾವಿನ ಶುಂಠಿ. ನಗರದವರಿಗೆ ಹೇಳಿಮಾಡಿಸಿದ್ದು ಬುಷ್ ಪೆಪ್ಪರ್. ಮೆಣಸಿನ ಬಳ್ಳಿಯ ಫಲ ಬಿಡುವ ಅಡ್ಡಕೊಂಬೆಯಿಂದ ಮಾಡಿದ ಈ ಗಿಡ ಮೇಲಕ್ಕೆ ಹಬ್ಬದೆ ಕುಂಡದಲ್ಲೇ ಪೊದೆಯಾಗಿ ನಿಂತು ಕಾಳಿನ ಗೊಂಚಲು ಬಿಡುತ್ತದೆ. ಹೂವೇ ಬೇಕೆನ್ನುವವರು ಬೆಳಗಿನ ಎಳೆಬಿಸಿಲು ಒಂದಿಷ್ಟು ತಾಗುವ ಕಡೆ ಕನಕಾಂಬರ ಇಡಲಿ. ಪೂರ್ತಿ ನೆರಳಾದರೆ ಪೀಸ್ ಲಿಲಿ.

ನರ್ಸರಿಯ ಬಣ್ಣದೆಲೆಗಳೂ ಚೆಂದವೇ. ಆದರೆ ಕತ್ತಲು ಹೆಚ್ಚಾದಷ್ಟೂ ಮನಿಪ್ಲಾಂಟಿನ ಹಳದಿ ಪಟ್ಟೆ ಮಾಯವಾಗಿ ಬರೀ ಹಸಿರು ಉಳಿಯುತ್ತದೆ. ಸಿಗುವ ಅಷ್ಟಿಷ್ಟು ಬೆಳಕನ್ನು ಹಿಡಿಯಲು ಎಲೆಗೆ ಹಸಿರೇ ಬೇಕು. ಡೈಫನ್‌ಬೇಕಿಯಾ, ಕ್ಯಾಲೇಡಿಯಂ ತರುವಾಗ ಮನೆಯಲ್ಲಿ ಅಂಬೆಗಾಲಿಡುವ ಮಗುವೋ ನಾಯಿಯೋ ಇದೆಯೇ ಯೋಚಿಸಿ. ಇವೂ ಕೆಸುವಿನ ಕುಲದವೇ. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಬಾಯಿಗೆ ಚುಚ್ಚಿ ಉರಿ, ಬಾವು ತರುತ್ತವೆ.

ನೀರಿನಲ್ಲಿ ಧಾರಾಳ ಬೇಡ. ನೆರಳಿನ ಕುಂಡ ನಿಧಾನವಾಗಿ ಒಣಗುವುದರಿಂದ ದಿನವೂ ಸುರಿದರೆ ಬೇರು ಕೊಳೆಯುತ್ತದೆ. ಬೆರಳು ಇಳಿಸಿ ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲವಾದರೆ ಸೊಳ್ಳೆ. ನೆಡಲು ಜೂನ್ ಮಳೆ ಹಿಡಿದ ಮೇಲಿನ ದಿನಗಳು ಒಳ್ಳೆಯವು. ಕೆಸುವಿನ ಗಡ್ಡೆ, ಒಂದೆಲಗದ ಬೇರುಬಿಟ್ಟ ಬಳ್ಳಿ, ಬ್ರಹ್ಮಕಮಲದ ತುಂಡು, ಇವಕ್ಕೆಲ್ಲ ದುಡ್ಡು ಕೊಡಬೇಕಾಗಿಲ್ಲ. ಊರಿಂದ ಬರುವ ನೆಂಟರಿಗೆ ಮೊದಲೇ ಒಂದು ಮಾತು ಹೇಳಿಡಿ.