ಕೊಡೈ ಘಾಟಿ ಮತ್ತು ಹಳೇ ಕಾರಿನ ಬ್ರೇಕ್ ಪೆಡಲ್

ಕೊಡೈಕಾನಲ್‌ನಿಂದ ಬಟ್ಲಗುಂಡಿನ ಕಡೆ ಇಳಿಯುವ ಲಾಸ್ ಘಾಟಿ ರಸ್ತೆಯಲ್ಲಿ ಬಯಲು ಸೇರುವಷ್ಟರಲ್ಲಿ ಸುಮಾರು 1,800 ಮೀಟರ್ ಇಳಿದಿರುತ್ತೇವೆ. ಇಬ್ಬರು ಕೂತ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಒಟ್ಟು 850 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರದಿಂದ ಇಳಿಯುವಾಗ ಅದು ಕಳೆದುಕೊಳ್ಳುವ ಶಕ್ತಿಯಲ್ಲಿ 40 ಲೀಟರ್ ನೀರು ಕುದಿಸಬಹುದು. ಎಂಜಿನ್ನು, ಗಾಳಿ ತಮ್ಮ ಪಾಲು ಹೊತ್ತರೂ ಉಳಿದದ್ದೆಲ್ಲ ಬ್ರೇಕಿನ ತಲೆಗೆ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತಿದೆ ಎಂಬ ದೂರು ಊರೊಳಗೆ ಕಿರಿಕಿರಿ ಅಷ್ಟೇ. ಇಲ್ಲಿ ಪ್ರಾಣದ ಪ್ರಶ್ನೆ.

ಉದಾಹರಣೆಗೆ ಟ್ರಯಂಫ್ ಸ್ಪಿಟ್‌ಫೈರ್ ತೆಗೆದುಕೊಳ್ಳೋಣ. 1962ರಲ್ಲಿ ಬಂದ ಈ ಕಾರು ನಮ್ಮಲ್ಲಿ ಅಪರೂಪ, ಆದರೆ ಇದರ ಅಣ್ಣ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲೇ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂದು ತಯಾರಾಯಿತು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಸ್ಪಿಟ್‌ಫೈರ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೊದಲ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನ್. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ.

ಪೆಡಲ್ ಕೆಳಗೆ ಹೋಯಿತು ಎಂದ ಕೂಡಲೇ ಮಾಸ್ಟರ್ ಸಿಲಿಂಡರ್ ಬಿಚ್ಚುವ ಮೆಕ್ಯಾನಿಕ್ ನನ್ನ ಲೆಕ್ಕದಲ್ಲಿ ಅರ್ಧ ಮೆಕ್ಯಾನಿಕ್. ಪಳಗಿದವನು ಮೊದಲು ಪೆಡಲನ್ನೇ ವಿಚಾರಿಸುತ್ತಾನೆ. ಗಾಡಿ ನಿಲ್ಲಿಸಿ ಪಟಪಟನೆ ಎರಡು ಮೂರು ಸಲ ತುಳಿಯುತ್ತಾನೆ. ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಬ್ರೇಕ್ ಶೂ ಡ್ರಮ್ಮಿನಿಂದ ದೂರ ಸರಿದಿದೆ. ಮೇಲೆ ಬಂದರೂ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಹಿಡಿದಿದೆ, ಇಲ್ಲವೇ ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಒಂದೇ ಸಮ ಒತ್ತಿ ಹಿಡಿದಾಗ ಮೆಲ್ಲಗೆ ಕುಸಿಯುತ್ತಾ ಹೋದರೆ ಆಯಿಲ್ ಎಲ್ಲೋ ಸೋರುತ್ತಿದೆ. ಚಕ್ರ, ಪೈಪು ಎಲ್ಲ ಒಣಗಿದ್ದರೆ ಆಗ ಮಾಸ್ಟರ್ ಸಿಲಿಂಡರಿನ ವಾಷರ್ ಮೇಲೆ ಅನುಮಾನ ಪಡಬಹುದು.

ಇನ್ನೊಂದು ಪರೀಕ್ಷೆಗೆ ಸ್ಪ್ಯಾನರೂ ಬೇಡ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ಪೆಡಲ್ ತುಳಿಯಿರಿ. ಈಗ ಪೆಡಲ್ ಮೇಲೆಯೇ ನಿಂತಿತೇ? ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂದಿನ ಶೂಗಳು ಡ್ರಮ್ಮಿಗೆ ಒತ್ತಿಕೊಂಡಿರುತ್ತವೆ. ಆದ್ದರಿಂದ ಸಡಿಲ ಇರುವುದು ಅಲ್ಲೇ. ಚಕ್ರ ಎತ್ತಿ, ಬ್ಯಾಕ್ ಪ್ಲೇಟಿನ ಹಿಂದಿರುವ ಚೌಕ ತಲೆಯ ಅಡ್ಜಸ್ಟರನ್ನು ಚಕ್ರ ಕಚ್ಚಿಕೊಳ್ಳುವವರೆಗೆ ತಿರುಗಿಸಿ, ಮತ್ತೆ ಒಂದು ಕ್ಲಿಕ್ ಸಡಿಲಿಸಿದರೆ ಮುಗಿಯಿತು. ಈ ಹಳೇ ಡ್ರಮ್ಮುಗಳು ಸವೆದಂತೆಲ್ಲ ತಾವೇ ಬಿಗಿಯಾಗುವ ಜಾತಿಯವಲ್ಲ. ಅಷ್ಟು ಸಣ್ಣ ಕೆಲಸಕ್ಕೆ ಸಾವಿರಾರು ರೂಪಾಯಿಯ ಸಿಲಿಂಡರ್ ಬದಲಾಯಿಸಿಕೊಂಡು ಬಂದವರೂ ಇದ್ದಾರೆ.

ಪೆಡಲಿಗೂ ಪುಶ್‌ರಾಡಿಗೂ ನಡುವಿನ ಪಿನ್ ಸವೆದಿರಲೂಬಹುದು. ಲಿವರಿನ ಅನುಪಾತ ಐದಾದರೆ, ಪಿನ್ನಿನಲ್ಲಿ 1 ಮಿ.ಮೀ. ಪ್ಲೇ ಕಾಲಿನಡಿ 5 ಮಿ.ಮೀ. ಆಗುತ್ತದೆ. ಇದನ್ನು ಕೈಯಲ್ಲಿ ಅಲುಗಾಡಿಸಿದರೇ ಗೊತ್ತಾಗುತ್ತದೆ.

ಘಾಟಿಯಲ್ಲಿ ಮಾತ್ರ ಬಯಲಾಗುವ ದೋಷಗಳೂ ಉಂಟು. ನೇರ ರಸ್ತೆಯಲ್ಲಿ ಸರಿಯಿರುವ ಪೆಡಲ್, ಹೇರ್‌ಪಿನ್ ತಿರುವು ದಾಟಿದ ಮೇಲಿನ ಮೊದಲ ತುಳಿತಕ್ಕೆ ಆಳಕ್ಕೆ ಹೋಗಿ, ಎರಡನೆಯದಕ್ಕೆ ಸರಿಹೋದರೆ ಮುಂದಿನ ವೀಲ್ ಬೇರಿಂಗ್ ನೋಡಿಸಿ. ಬೇರಿಂಗ್ ಸಡಿಲವಾದಾಗ ಡಿಸ್ಕ್ ತಿರುವಿನಲ್ಲಿ ಓಲಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಬೆಟ್ಟದ ಮೇಲೆ ತಣ್ಣಗಿದ್ದಾಗ ಚೆನ್ನಾಗಿದ್ದು ಸಿಲ್ವರ್ ಕ್ಯಾಸ್ಕೇಡ್ ಜಲಪಾತ ದಾಟಿ ಇನ್ನಷ್ಟು ಇಳಿದ ಮೇಲೆ ಪೆಡಲ್ ನೆಲಕ್ಕೆ ಹೋಗಿ, ಅರ್ಧ ಗಂಟೆ ನಿಲ್ಲಿಸಿದರೆ ವಾಪಸ್ ಬಂದರೆ, ಅದು ಆಯಿಲ್ ಕುದಿದ ಗುರುತು. ಹೊಸ ಡಾಟ್ 3 ಬ್ರೇಕ್ ಆಯಿಲ್ 205 ಡಿಗ್ರಿಯವರೆಗಾದರೂ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ತಣ್ಣಗಾದ ಮೇಲೆ ಸರಿಹೋಯಿತಲ್ಲ ಎಂದು ಹೊರಡುವವರದು ಭಂಡ ಧೈರ್ಯ.

ಕೆಳಗಿಳಿದು ಕಂಬಂ ಕಣಿವೆಯ ಕಡೆ ಹೋಗುವಾಗ ಗಾಡಿ ಕೈಕೊಟ್ಟರೆ ತಮಿಳು ಬಾರದವರೂ ತೀರಾ ಹೆದರಬೇಕಿಲ್ಲ. ಆ ಕಡೆಯ ಕಪ್ಪಿಲಿಯರ್ ಸಮುದಾಯದವರ ಮನೆಮಾತು ಕನ್ನಡವೇ. ಆದರೆ ರಿಪೇರಿಯನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಬೇಡಿ. ಹಳೇ ಕಾರಿನಲ್ಲಿ ಕೊಡೈಗೆ ಹೊರಡುವವರು ಬೆಟ್ಟ ಹತ್ತುವ ಮೊದಲೇ ಹಿಂದಿನ ಶೂ ಅಡ್ಜಸ್ಟ್ ಮಾಡಿಸಿ, ಎರಡು ವರ್ಷ ದಾಟಿದ ಬ್ರೇಕ್ ಆಯಿಲ್ ಬದಲಿಸಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ.